ಊರಾಚೆಯ ಸೈಟು ಬಿಟ್ಟು ಹಳೆಯ ಬಾಡಿಗೆ ಮನೆ ಕೊಂಡೆ: ನನ್ನ ಅನುಭವ

ಬೆಂಗಳೂರಿನಲ್ಲಿ ಮೊದಲ ಬಾರಿ ಆಸ್ತಿಗೆ ಹಣ ಹಾಕುವವರಿಗೆ ಸಿಗುವ ಸಲಹೆ ಒಂದೇ: ಊರಾಚೆ ಸೈಟು ಕೊಂಡು ಹತ್ತು ವರ್ಷ ಮರೆತುಬಿಡಿ. ನನಗೂ ದೇವನಹಳ್ಳಿ, ಹೊಸಕೋಟೆ ಎಂದರು. ನಾನು 2019ರಲ್ಲಿ ಕಾಮಾಕ್ಷಿಪಾಳ್ಯದ ಒಳರಸ್ತೆಯಲ್ಲಿ 20x30ರ ಹಳೆಯ ಕಟ್ಟಡ ಕೊಂಡೆ. ಕೆಳಗೆ ಎರಡು, ಮೇಲೆ ಎರಡು ಪುಟ್ಟ ಬಾಡಿಗೆ ಮನೆಗಳು. ‘ಬಿರುಕು ಬಿಟ್ಟ ಗೋಡೆಗೆ ಇಷ್ಟು ದುಡ್ಡೇ’ ಎಂದು ಭಾವ ಬೈದರು. ಈಗ ಬಾಡಿಗೆ ತಿಂಗಳಿಗೆ 36 ಸಾವಿರದ ಆಸುಪಾಸು, ಬ್ಯಾಂಕಿನ ಕಂತು 33 ಸಾವಿರ. ಕಳೆದ ಯುಗಾದಿಗೆ ಬಂದ ಭಾವ ‘ನನಗೂ ಅಂಥದ್ದೊಂದು ನೋಡು’ ಎಂದರು.

ಈ ಮನೆ ಕೊಳ್ಳುವ ಮುಂಚೆ ಎರಡು ವ್ಯವಹಾರ ಮುರಿದುಬಿದ್ದವು. ಸುಂಕದಕಟ್ಟೆಯ ಮನೆ ಪಿತ್ರಾರ್ಜಿತ. ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳು ಮಾತ್ರ. ‘ಮದುವೆಯಾಗಿ ಹೋದವರ ಸಹಿ ಯಾಕೆ ಸಾರ್’ ಎಂದು ದಲ್ಲಾಳಿ ಸಾಗಹಾಕಲು ನೋಡಿದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇರುವಾಗ ಆ ಸಹಿ ಇಲ್ಲದ ಕ್ರಯಪತ್ರ ನನಗೆ ಬೇಡವೆಂದೆ. ಟೋಕನ್ ಎಂದು ಮುಂಗಡ ಕೊಟ್ಟಿದ್ದ ಒಂದು ಲಕ್ಷ ವಾಪಸು ಬರಲು ಆರು ತಿಂಗಳು ಹಿಡಿಯಿತು. ಎರಡನೆಯದರ ಆನ್‌ಲೈನ್ ಇ.ಸಿ. (ಆಸ್ತಿಯ ಮೇಲಿನ ಸಾಲ, ಮಾರಾಟಗಳ ವಿವರ ಇರುವ ಋಣಭಾರ ಪತ್ರ) ಕನ್ನಡಿಯಂತೆ ಸ್ವಚ್ಛ. ಆದರೆ ಅಲ್ಲಿ ಸಿಗುವುದು 2004ರಿಂದ ಈಚಿನದು. ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಕೈಬರಹದಲ್ಲಿ ತೆಗೆಸಿದಾಗ ತೊಂಬತ್ತರ ದಶಕದ ಅಡಮಾನ ತೀರದೆ ಕುಳಿತಿತ್ತು. ವಕೀಲರಿಗೆ ಎರಡೂ ಸೇರಿ ಇಪ್ಪತ್ತು ಸಾವಿರ ಹೋಯಿತು. ಆ ಖರ್ಚಿನ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ಕೊನೆಗೆ ಕೊಂಡ ಮನೆಯನ್ನು ಮೊದಲು ಕಾಗದದಲ್ಲಿ ನೋಡಿದೆ, ಆಮೇಲೆ ಕಣ್ಣಲ್ಲಿ. ಮೂಲಪತ್ರ, ಎ ಖಾತೆ (ಕ್ರಮಬದ್ಧ ಆಸ್ತಿಗೆ ಪಾಲಿಕೆ ಕೊಡುವ ದಾಖಲೆ), ಮೂವತ್ತು ವರ್ಷದ ಇ.ಸಿ. ಎಲ್ಲವೂ ಸರಿ. ಬಳಿಕ ಪತ್ರದ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಹಿಡಿದು ಅಳೆಯಲು ಹೋದೆ. ಪತ್ರದಲ್ಲಿ ‘ಪಶ್ಚಿಮಕ್ಕೆ ಓಣಿ’ ಎಂದಿತ್ತು. ಓಣಿಯನ್ನೆಲ್ಲ ತುಂಬಿಕೊಂಡು ಪಕ್ಕದವರ ಮೆಟ್ಟಿಲು ನಮ್ಮ ಗೋಡೆಯವರೆಗೂ ಬಂದಿತ್ತು. ಟೇಪು ಎಳೆದರೆ ಮೂವತ್ತಡಿ ಇರಬೇಕಾದ ಕಡೆ ಇಪ್ಪತ್ತೆಂಟೂವರೆ. ಮಾಲೀಕರ ಎದುರಿಗೇ ಇನ್ನೊಮ್ಮೆ ಅಳೆದೆ, ಟೇಪಿನ ತುದಿಯನ್ನು ಅವರ ಕೈಗೇ ಕೊಟ್ಟು. ಬೆಲೆ ಎರಡು ಲಕ್ಷ ಇಳಿದು 58 ಲಕ್ಷಕ್ಕೆ ನಿಂತಿತು. ಇಂಥ ಮನೆಗಳ ಸುದ್ದಿ ದಲ್ಲಾಳಿಗಿಂತ ಮೊದಲು ನನಗೆ ಹೇಗೆ ತಲುಪುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬೆಳಗಿನ ಜಾವ ಆ ಬೀದಿಯಲ್ಲಿ ಓಡಾಡುವವರನ್ನು ಮಾತನಾಡಿಸಿ, ಸಾಕು.

ಹಣದ ಲೆಕ್ಕ: ಬ್ಯಾಂಕ್ ಸಾಲ 38 ಲಕ್ಷ. ಮುದ್ರಾಂಕ ಶುಲ್ಕ, ನೋಂದಣಿಗೆ ಆಗ ನಾಲ್ಕು ಲಕ್ಷದ ಹತ್ತಿರ, ರಿಪೇರಿಗೆ ಇನ್ನು ನಾಲ್ಕು. ಚೀಟಿ ಎತ್ತಿದ್ದು, ಉಳಿತಾಯ ಎಲ್ಲ ಸುರಿದರೂ ಐದು ಲಕ್ಷ ಕಡಿಮೆ ಬಿತ್ತು, ಎರಡು ರೂಪಾಯಿ ಬಡ್ಡಿಗೆ (ತಿಂಗಳಿಗೆ ನೂರಕ್ಕೆ ಎರಡು) ಕೈಸಾಲ ಮಾಡಿದೆ. ಬೆಲೆ ಐವತ್ತು ಲಕ್ಷ ಮುಟ್ಟಿದರೆ ಕೊಳ್ಳುವವರೇ ನೂರಕ್ಕೆ ಒಂದರಂತೆ ಟಿಡಿಎಸ್ (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟಬೇಕು, ಅದನ್ನು ಮಾತುಕತೆಯಲ್ಲೇ ಹೇಳಿಬಿಡಿ.

ಬಾಡಿಗೆಯ ಬದಲು ಒಂದೇ ಗಂಟು ಪಡೆದು ಅವಧಿ ಮುಗಿದಾಗ ಅದನ್ನು ಮರಳಿಸುವ ಭೋಗ್ಯದ ಪ್ರಯೋಗ ಮಾಡಿದ್ದು ಆ ಕೈಸಾಲಕ್ಕಾಗಿ. ಮೇಲಿನ ಒಂದು ಮನೆಯನ್ನು ಮೂರು ವರ್ಷಕ್ಕೆ ಐದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟೆ. ಏಳು ಸಾವಿರ ಬಾಡಿಗೆ ನಿಂತಿತು, ಕೈಸಾಲ ತೀರಿ ಅದರ ಹತ್ತು ಸಾವಿರ ಬಡ್ಡಿಯೂ ನಿಂತಿತು. ಉಳಿದ ಮೂರು ಸಾವಿರಕ್ಕೆ ಇನ್ನಷ್ಟು ಸೇರಿಸಿ ಆರ್.ಡಿ. (ತಿಂಗಳ ಕಂತಿನ ಠೇವಣಿ) ಕಟ್ಟುತ್ತ ಬಂದೆ, ಅವಧಿ ಮುಗಿದ ದಿನವೇ ಅವರ ಹಣ ಮರಳಿಸಿದೆ. ಅದೇ ಐದು ಲಕ್ಷವನ್ನು ಬ್ಯಾಂಕ್ ಸಾಲಕ್ಕೆ ಕಟ್ಟಿದ್ದರೆ ಉಳಿಯುತ್ತಿದ್ದುದು ತಿಂಗಳಿಗೆ ಮೂರೂವರೆ ಸಾವಿರದ ಬಡ್ಡಿ, ಬಿಟ್ಟ ಬಾಡಿಗೆಯ ಅರ್ಧ, ಅಂದರೆ ನಷ್ಟ. ಹೆಚ್ಚಿನ ಬಡ್ಡಿಯ ಸಾಲ ಇದ್ದರಷ್ಟೇ ಭೋಗ್ಯ ಲಾಭ. ನಾಲ್ಕು ಮನೆಗೂ ಬೇರೆ ಬೇರೆ ಬೆಸ್ಕಾಂ ಮೀಟರ್ ಹಾಕಿಸಿದ ಮೇಲೆ ಕರೆಂಟಿನ ಜಗಳ ನಿಂತು ಬಾಡಿಗೆದಾರರು ವರ್ಷಗಟ್ಟಲೆ ಉಳಿದರು.

ಈಗ ಎರಡನೆಯ ಮನೆ ನೋಡುತ್ತಿದ್ದೇನೆ. ಮಾರುವವರ ಬಳಿ ಇ-ಖಾತೆ (ಖಾತೆಯ ಡಿಜಿಟಲ್ ದಾಖಲೆ) ಇಲ್ಲದಿದ್ದರೆ ಟೋಕನ್ ಕೊಡುವುದಿಲ್ಲ, ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೆ ಏರಿದೆ. ಅಷ್ಟನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.