ರೇಸ್ ಕಾರಿಗೆ ವೇಷ ಕಟ್ಟುವ ಕೆಲಸ: ನನ್ನ ಅನುಭವ

ರೇಸ್ ಕಾರಿನ ಮೈಮೇಲಿನ ಬಣ್ಣ, ಪಟ್ಟೆ, ಸ್ಪಾನ್ಸರ್ ಹೆಸರು ಎಲ್ಲವನ್ನೂ ಡಿಸೈನ್ ಮಾಡಿ ಸ್ಟಿಕರ್ ಆಗಿ ಅಂಟಿಸಿಕೊಡುವುದು ನಮ್ಮ ಕೆಲಸ. ಅದರ ಮೊದಲ ವರ್ಷದ ಒಂದು ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣಿನ ರಸ್ತೆ. ಮೊದಲ ಸ್ಟೇಜ್ (ಸಮಯ ಅಳೆದು ಓಡಿಸುವ ರಸ್ತೆಯ ಒಂದು ಭಾಗ) ಮುಗಿಸಿ ಕಾರು ರಿಪೇರಿ ಜಾಗಕ್ಕೆ, ಅಂದರೆ ಸರ್ವಿಸ್‌ಗೆ ಬಂತು. ಎಡಬಾಗಿಲಿನ ಕೆಳಮೂಲೆಯಲ್ಲಿ ಸ್ಟಿಕರ್ ಹೆಬ್ಬೆರಳಿನಷ್ಟು ಎದ್ದಿತ್ತು. ಒಳಗೆ ಕೆಂಪು ಮಣ್ಣು ಸೇರಿತ್ತು. ಒತ್ತಿ ನೋಡಿದೆ, ಕೂರಲಿಲ್ಲ. ಮಧ್ಯಾಹ್ನಕ್ಕೆ ಅದು ಅಂಗೈಯಷ್ಟಾಯಿತು. ಸಂಜೆ ಕಾರು ವಾಪಸ್ ಬಂದಾಗ ಸ್ಪಾನ್ಸರ್ ಹೆಸರಿನ ಅರ್ಧ ಭಾಗ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ಸ್ಪಾನ್ಸರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ತಪ್ಪು ನನ್ನದೇ. ಸಮಯ ಇಲ್ಲ ಅಂತ ಪ್ರಿಂಟ್ ತೆಗೆದ ಒಂದು ಗಂಟೆಯೊಳಗೆ ಮೇಲೆ ಲ್ಯಾಮಿನೇಷನ್ ಹಾಕಿಸಿದ್ದೆ. ಸಾಲ್ವೆಂಟ್ ಇಂಕ್ ಕೈಗೆ ಒಣಗಿದ ಹಾಗೆ ಅನ್ನಿಸುತ್ತದೆ. ಆದರೆ ಅದರೊಳಗಿನ ದ್ರಾವಕ ಆರಲು ಕಡಿಮೆ ಅಂದರೂ 24 ಗಂಟೆ ಬೇಕು. ಅದಕ್ಕೆ ಮೊದಲೇ ಲ್ಯಾಮಿನೇಷನ್ ಹಾಕಿದರೆ ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಮುಚ್ಚಿದ ಹಾಗೆ. ಆವಿ ಹೋಗಲು ದಾರಿ ಇರುವುದಿಲ್ಲ. ದ್ರಾವಕ ಕೆಳಗಿನ ಅಂಟಿಗೆ ಇಳಿಯುತ್ತದೆ, ಅಂಟು ಮೆತ್ತಗಾಗುತ್ತದೆ, ಅಂಚು ಸುರುಳಿಯಾಗುತ್ತದೆ. ಉಳಿದ ಕೆಲಸವನ್ನು ಚಿಕ್ಕಮಗಳೂರಿನ ಮಣ್ಣು ಮಾಡುತ್ತದೆ.

ಆ ದಿನದವರೆಗೂ ನಾವು ಮಾರುತ್ತಿರುವುದು ಚಿತ್ರ ಅಂತ ನಂಬಿದ್ದೆ. ಆದರೆ ರೇಸ್ ಮುಗಿದ ಭಾನುವಾರ ಸಂಜೆಯೂ ಶುರುವಿನ ಶುಕ್ರವಾರದ ಹಾಗೇ ಕಾಣುವ ಕಾರು ಬೇಕು ಅಂತ ಗಿರಾಕಿ ಬಂದಿರುತ್ತಾರೆ. ಇದು ತಲೆಗೆ ಹೋದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು.

ನಾವು ಮೂರು ಜನ. ಬೆಂಗಳೂರಿನಲ್ಲಿ ಒಂದು ಮನೆಯ ಮೊದಲ ಮಹಡಿಯ ಎರಡು ರೂಮು ನಮ್ಮ ಸ್ಟುಡಿಯೋ. ಇದಕ್ಕೆ ಈಗ ಮೂರನೇ ವರ್ಷ. ನನಗೆ ಈ ಹುಚ್ಚು ಹತ್ತಿದ್ದು 2009ರಲ್ಲಿ. ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಫಾರ್ಮುಲಾ ಒನ್ ತಂಡದ ಕಾರು ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಸಾಲಿನ ಮೊದಲ ಜಾಗದಿಂದ ಹೊರಟಿತ್ತು. ಫಿಸಿಕೆಲ್ಲಾ ಓಡಿಸಿದ ಆ ಕಾರು ಎರಡನೇ ಸ್ಥಾನ ಪಡೆಯಿತು. ಬಿಳಿ ಮೈ, ಕೇಸರಿ, ಹಸಿರು. ನಮ್ಮನೆಯ ಹಳೇ ಟಿವಿಯಲ್ಲೂ ಯಾವ ಕಾರು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ದೂರದಿಂದ ಗುರುತು ಹಿಡಿಯುವುದನ್ನು ನಾನು ಕಲಿತದ್ದು ಮಾತ್ರ ಊರಿನ ಯಕ್ಷಗಾನದಲ್ಲಿ. ಗದ್ದೆಯಲ್ಲಿ ಕೊನೆಯ ಸಾಲಿನಲ್ಲಿ ಕೂತ ಹುಡುಗರಿಗೂ ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಬಂದ ಅಂತ ಗೊತ್ತಾಗುತ್ತದೆ. ಮಾತು ಆಮೇಲೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಮುಖದ ಮೇಲೆ ಒಂದೊಂದೇ ಚಿಟ್ಟಿ (ಅಕ್ಕಿ ಹಿಟ್ಟಿನ ಉಬ್ಬು ಚುಕ್ಕಿ) ಇಡುತ್ತಾ ಗಂಟೆಗಟ್ಟಲೆ ಕೂತ ಕಲಾವಿದರನ್ನು ನೋಡಿದ್ದೇನೆ. ಹತ್ತಿರಕ್ಕೆ ಅಷ್ಟು ಸೂಕ್ಷ್ಮ, ದೂರಕ್ಕೆ ಅಷ್ಟು ದಪ್ಪ. ಕಾರಿಗೂ ಇವೆರಡೂ ಬೇಕು.

ಶುರುವಿನ ದೊಡ್ಡ ತೊಂದರೆ ರೇಟ್. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸ್ಟಿಕರ್ ಲೆಕ್ಕ ಚದರ ಅಡಿಗೆ. ಅಲ್ಲಿ ಡಿಸೈನ್‌ಗೆ ಬೇರೆ ದುಡ್ಡು ಅಂದರೆ ಯಾರೂ ಒಪ್ಪುವುದಿಲ್ಲ. ರೇಡಿಯಂ ಕಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ನಿಂತು ಎರಡು ಗೆರೆ ಎಳೆಸಿದರೆ ಆಯಿತು ಅನ್ನುವ ಅಭ್ಯಾಸ. ನಾವೂ ಮೊದಲ ಆರು ತಿಂಗಳು ಚದರ ಅಡಿಗೇ ಬಿಲ್ ಮಾಡಿದೆವು. ಜಾಸ್ತಿ ಸ್ಟಿಕರ್ ಹಚ್ಚಿದರೆ ಜಾಸ್ತಿ ದುಡ್ಡು. ಆಗ ಮನಸ್ಸು ತಾನಾಗೇ ಕಾರು ಪೂರ್ತಿ ಮುಚ್ಚುವ ಕಡೆಗೆ ವಾಲುತ್ತದೆ. ಇದು ಸರಿಯಲ್ಲ ಅಂತ ಗೊತ್ತಾಗಿ ಡಿಸೈನ್, ಪ್ರಿಂಟ್, ಅಂಟಿಸುವ ಕೂಲಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಲು ಶುರು ಮಾಡಿದೆವು. ಅರ್ಧ ದುಡ್ಡು ಮುಂಗಡ. ಮೂರು ಸಲ ತಿದ್ದಿಕೊಡುತ್ತೇವೆ, ನಾಲ್ಕನೆಯದಕ್ಕೆ ಬೇರೆ ಹಣ. ಕೆಲವರು ಬಿಟ್ಟು ಹೋದರು. ಉಳಿದವರು ಮತ್ತೆ ಮತ್ತೆ ಬರುತ್ತಿದ್ದಾರೆ.

ಈಗ ಕೆಲಸ ಮಾಡುವ ರೀತಿ ಹೇಳುತ್ತೇನೆ.

ನೆಟ್‌ನಲ್ಲಿ ಸಿಗುವ ಕಾರಿನ ರೇಖಾಚಿತ್ರ ನಂಬುವುದಿಲ್ಲ. ರ‍್ಯಾಲಿ ಕಾರು ಶೋರೂಮಿನ ಕಾರಲ್ಲ. ಬಂಪರ್ ಬೇರೆ, ಬಾನೆಟ್‌ಗೆ ಲಾಕ್ ಪಿನ್ ಇರುತ್ತದೆ, ಒಮ್ಮೆ ಗುದ್ದಿಸಿ ಸರಿ ಮಾಡಿದ ಬಾಗಿಲು ಎರಡು ಮಿಲಿಮೀಟರ್ ಆಚೆ ಈಚೆ ಇರುತ್ತದೆ. ಅದಕ್ಕೇ ಟೇಪ್ ಹಿಡಿದು ಗ್ಯಾರೇಜಿಗೇ ಹೋಗುತ್ತೇವೆ. ಮುಖ್ಯ ಅಕ್ಷರಗಳನ್ನು ಸಾದಾ ಕಾಗದದಲ್ಲಿ ನಿಜ ಅಳತೆಗೆ ತೆಗೆದು ಮಾಸ್ಕಿಂಗ್ ಟೇಪಿನಲ್ಲಿ ಕಾರಿಗೆ ಅಂಟಿಸುತ್ತೇವೆ. ಒಂದು ಸಲ ಬಾಗಿಲ ಹಿಡಿಕೆ ಸರಿಯಾಗಿ ಒಂದು ಹೆಸರಿನ ನಡು ಅಕ್ಷರದ ಮೇಲೇ ಬಂತು. ಸ್ಕ್ರೀನ್ ಮೇಲೆ ಅದು ಕಂಡೇ ಇರಲಿಲ್ಲ. ಆಮೇಲೆ ಐವತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರ್ಧ ಮುಚ್ಚಿ ನೋಡುತ್ತೇವೆ. ಆಗಲೂ ಕಂಡದ್ದನ್ನು ಉಳಿಸುತ್ತೇವೆ. ಕಾಣದಿದ್ದರೆ ದೊಡ್ಡದು ಮಾಡುತ್ತೇವೆ, ಇಲ್ಲಾ ತೆಗೆಯುತ್ತೇವೆ.

ಹತ್ತರಲ್ಲಿ ಏಳು ಜನ ಬಂದವರೇ "ಗಲ್ಫ್ ಥರ ಮಾಡಿಕೊಡಿ" ಅನ್ನುತ್ತಾರೆ. ಗಲ್ಫ್ ಎಣ್ಣೆ ಕಂಪನಿಯ ಹೆಸರು ಹೊತ್ತ ಹಳೇ ರೇಸ್ ಕಾರುಗಳ ಬಣ್ಣ ಅದು: ತಿಳಿನೀಲಿ, ನಡುವೆ ಕಿತ್ತಳೆ ಪಟ್ಟೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆ ಬಣ್ಣದ ಫೋರ್ಡ್ ಜಿಟಿ40 ಫ್ರಾನ್ಸಿನ 24 ಗಂಟೆಗಳ ರೇಸಾದ ಲೆ ಮಾನ್ಸ್‌ನಲ್ಲಿ 1968 ಮತ್ತು 1969 ಎರಡೂ ವರ್ಷ ಗೆದ್ದಿತು, ಅದೂ ಒಂದೇ ಕಾರು. ಅದನ್ನೇ ನಕಲು ಮಾಡಿಕೊಡುವುದಿಲ್ಲ ಅಂತ ಹೇಳುತ್ತೇನೆ. ಅದರ ಗುಣ ಮಾತ್ರ ತೋರಿಸುತ್ತೇನೆ. ಎರಡೇ ಬಣ್ಣ. ಮೂಗಿನಿಂದ ಬಾಲದವರೆಗೆ ಕಣ್ಣನ್ನು ಎಳೆದುಕೊಂಡು ಹೋಗುವ ಒಂದೇ ಪಟ್ಟೆ. ಆಮೇಲೆ ಅವರ ಊರು, ಅವರ ವ್ಯಾಪಾರ, ಅವರ ಮನೆಯ ಬಣ್ಣ ಕೇಳುತ್ತೇನೆ. ಒಬ್ಬರ ಅಜ್ಜನ ಕಾಲದಿಂದ ಕಾಫಿ ತೋಟ. ಕಾಫಿ ಹಣ್ಣಿನ ಕೆಂಪು, ಎಲೆಯ ಕಡುಹಸಿರು ತೆಗೆದುಕೊಂಡೆವು. ನಾನು ಇಲ್ಲಿಯವರೆಗೆ ಮಾಡಿದ್ದರಲ್ಲಿ ಅದೇ ನನಗೆ ತುಂಬಾ ಇಷ್ಟ.

ರ‍್ಯಾಲಿ ಬೇರೆ, ಸರ್ಕ್ಯೂಟ್ (ಸುತ್ತು ಹಾಕುವ ರೇಸ್ ಟ್ರ್ಯಾಕ್) ಬೇರೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಎಲ್‌ಜಿಬಿ ಫಾರ್ಮುಲಾ ಕಾರುಗಳು (ಒಬ್ಬರೇ ಕೂರುವ ರೇಸ್ ಕಾರುಗಳು) ಓಡುವಾಗ ಎಲ್ಲವೂ ಒಂದೇ ಆಕಾರ. ಅಲ್ಲಿ ಮೂಗು ಮತ್ತು ರೆಕ್ಕೆಯ ಬಣ್ಣವೇ ಗುರುತು. ಮಣ್ಣಿನ ರ‍್ಯಾಲಿಯಲ್ಲಿ ಬಾಗಿಲಿನ ಕೆಳ ಅರ್ಧ ಒಂದು ಸ್ಟೇಜಿಗೇ ಕಾಣೆಯಾಗುತ್ತದೆ. ಹಾಗಾಗಿ ದುಡ್ಡು ಕೊಟ್ಟ ಸ್ಪಾನ್ಸರ್ ಹೆಸರು ಬಾಗಿಲಿನ ನಡುಗೆರೆಯಿಂದ ಮೇಲೆ. ಬಂಪರ್ ಮೇಲೆ ಮುಖ್ಯವಾದದ್ದು ಯಾವುದೂ ಬೇಡ, ಅದು ಎಲ್ಲಿ ಬಿದ್ದುಹೋಗುತ್ತದೋ ಹೇಳಲಾಗದು. ಈಗ ಡ್ರೋನ್ ಜಾಸ್ತಿ, ಆದ್ದರಿಂದ ಛಾವಣಿಗೂ ಒಂದು ದಪ್ಪ ಗುರುತು.

ಡಿಸೈನ್‌ಗೆ ಕೂರುವ ಮೊದಲೇ ಸ್ಪರ್ಧೆಯ ನಿಯಮ ಓದಿ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಮುಂಬಾಗಿಲಿನ ನಂಬರ್ ಫಲಕ 67 ಸೆಂ.ಮೀ. ಅಗಲ, 17 ಸೆಂ.ಮೀ. ಎತ್ತರ. ಇಲ್ಲೂ ಆಯೋಜಕರು ಕೊಡುವ ಸ್ಟಿಕರ್‌ಗಳಿಗೆ ಜಾಗ ಬಿಡಲೇಬೇಕು. ಬಿಡದಿದ್ದರೆ ಸ್ಕ್ರೂಟಿನಿ (ರೇಸಿಗೆ ಮುಂಚಿನ ಕಾರು ತಪಾಸಣೆ) ಸಾಲಿನಲ್ಲಿ ನಿಂತು ನಿಮ್ಮ ಕೆಲಸವನ್ನು ನೀವೇ ಬ್ಲೇಡಿನಿಂದ ಕೆರೆಯಬೇಕಾಗುತ್ತದೆ.

ಫಿಲ್ಮ್, ಅಂದರೆ ಸ್ಟಿಕರಿನ ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ತಯಾರಿಸುವಾಗ ರೋಲರ್‌ಗಳ ನಡುವೆ ಹಿಗ್ಗಿಸಿರುತ್ತಾರೆ. ಬಿಸಿಲು ತಗುಲಿದರೆ ಅದು ಮತ್ತೆ ಕುಗ್ಗಲು ನೋಡುತ್ತದೆ. ಕಾಸ್ಟ್ ಫಿಲ್ಮ್ ದೋಸೆ ಹುಯ್ದ ಹಾಗೆ, ದ್ರವವನ್ನು ಹರಡಿ ಒಣಗಿಸಿದ್ದು. ಸುಮಾರು 50 ಮೈಕ್ರಾನ್ ಅಷ್ಟೇ, ಉಬ್ಬು ತಗ್ಗಿನಲ್ಲಿ ಸುಮ್ನೆ ಕೂರುತ್ತದೆ. ಬೆಲೆ ಜಾಸ್ತಿ. ನಾವು ಚಪ್ಪಟೆ ಜಾಗಕ್ಕೂ ಅದನ್ನೇ ಹಾಕುತ್ತೇವೆ.

ನಮಗೆ ಅಂಟಿಸಿಕೊಡುವ ಅಣ್ಣ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಒಮ್ಮೆ ನಾನು ಎಳೆದ ತೆಳು ಪಟ್ಟೆಯೊಂದು ಎರಡು ಬಾಗಿಲು ದಾಟಿ ಹೋಗುತ್ತಿತ್ತು. ಅವರು ಹೀಟ್ ಗನ್ ಕೆಳಗಿಟ್ಟು, "ಗುರುವೇ, ಬಾಗಿಲು ಬದಲಾಯಿಸಿದರೆ ಈ ಗೆರೆ ಹೆಂಗೆ ಸೇರಿಸ್ತೀಯಾ?" ಅಂದರು. ಉತ್ತರ ಇರಲಿಲ್ಲ. ಅವತ್ತಿನಿಂದ ಪ್ರತಿ ಡಿಸೈನನ್ನೂ ತುಂಡು ತುಂಡಾಗಿ ಒಡೆದು ನಂಬರ್ ಹಾಕುತ್ತೇವೆ. ಮುಂಬಾಗಿಲು ಎಡ, ಫೆಂಡರ್ ಬಲ, ಹೀಗೆ. ಬಾಗಿಲು ಮತ್ತು ಫೆಂಡರ್‌ಗಳದ್ದು ಒಂದೊಂದು ಜೊತೆ ಹೆಚ್ಚಿಗೆ ಪ್ರಿಂಟ್ ಮಾಡಿ ಪೈಪಿಗೆ ಸುತ್ತಿ ತಂಡದ ವ್ಯಾನಿಗೆ ಹಾಕುತ್ತೇವೆ. ಕಳೆದ ವರ್ಷ ಒಂದು ಕಾರು ಮರಕ್ಕೆ ಉಜ್ಜಿ ಬಾಗಿಲು ಹೋಯಿತು. ಮೆಕ್ಯಾನಿಕ್‌ಗಳು ಹೊಸ ಬಾಗಿಲು ಕೂರಿಸುವಷ್ಟರಲ್ಲಿ ಅಣ್ಣ ಸ್ಪೇರ್ ಸೆಟ್ ಬಿಚ್ಚಿ ತಯಾರಾಗಿದ್ದರು. ಕಾರು ಸರ್ವಿಸ್‌ನಿಂದ ಹೊರಟಾಗ ಯಾವುದು ಹೊಸ ಬಾಗಿಲು ಅಂತ ನನಗೇ ಹುಡುಕಬೇಕಾಯಿತು. ಈಗ ಡಿಸೈನ್ ಗಿರಾಕಿಗೆ ಕಳಿಸುವ ಮುಂಚೆ ಅಣ್ಣನಿಗೆ ತೋರಿಸುತ್ತೇನೆ.

ಸ್ಪಾನ್ಸರ್ ಲೋಗೋ ವಾಟ್ಸಾಪ್‌ನಲ್ಲಿ ಬಂದರೆ ಕೆಲಸ ಶುರು ಮಾಡುವುದಿಲ್ಲ. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ಮೂಲ ವೆಕ್ಟರ್ ಫೈಲ್ ಬೇಕು ಅಂತ ಮುಂಗಡದ ರಸೀದಿಯಲ್ಲೇ ಬರೆದಿದ್ದೇವೆ.

ರೇಸ್ ಇಲ್ಲದ ತಿಂಗಳುಗಳಲ್ಲಿ ಬಾಡಿಗೆ ಕಟ್ಟಿಕೊಡುವುದು ಸಿಮ್ ರೇಸಿಂಗ್. ಕಂಪ್ಯೂಟರ್ ಒಳಗಿನ ಕಾರಿಗೆ ಬಣ್ಣ. ಹೊರದೇಶದಲ್ಲಿರುವ ನಮ್ಮ ಕನ್ನಡದ ಹುಡುಗರು ಕೆಂಪು ಹಳದಿ ಕೇಳಿ ಬರುತ್ತಾರೆ. ಅಲ್ಲಿ ಮಣ್ಣಿಲ್ಲ, ಅಂಟಿಲ್ಲ, ಬೇಗ ಮುಗಿಯುತ್ತದೆ. ಆ ದುಡ್ಡಿನಲ್ಲೇ ಮೊದಲ ಪ್ಲಾಟರ್ (ಸ್ಟಿಕರ್ ಕತ್ತರಿಸುವ ಯಂತ್ರ) ಕೊಂಡೆವು.

ಇದನ್ನು ಬರೆಯುವಾಗ ಪಕ್ಕದ ರೂಮಿನಲ್ಲಿ ನಿನ್ನೆ ಸಂಜೆ ತೆಗೆದ ಪ್ರಿಂಟ್ ಇದೆ. ಸಡಿಲವಾಗಿ ಸುತ್ತಿ ನೆಟ್ಟಗೆ ನಿಲ್ಲಿಸಿದ್ದೇವೆ, ಗಾಳಿ ಆಡಲಿ ಅಂತ ಫ್ಯಾನ್ ಹಾಕಿದ್ದೇವೆ. ತಂಡದ ಮ್ಯಾನೇಜರ್ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದರು. ಹತ್ತಿರ ಹೋಗಿ ಮೂಸಿ ನೋಡಿದೆ. ಇನ್ನೂ ಇಂಕ್ ವಾಸನೆ ಬರುತ್ತಿದೆ. "ನಾಳೆ ಬನ್ನಿ ಸಾರ್" ಅಂದೆ.