ಟ್ಯೂಬ್‌ಲೆಸ್ ಟೈರ್: ಪಂಪಿಗಿಂತ ಮೊದಲು ಟೇಪ್ ನೋಡಿ

ಮೌಂಟನ್ ಬೈಕಿಗೆ ಮನೆಯಲ್ಲೇ ಟ್ಯೂಬ್‌ಲೆಸ್ ಹಾಕಿಕೊಳ್ಳಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಪಂಪಿನ ಬಗ್ಗೆ. ಕಂಪ್ರೆಸರ್ ಇಲ್ಲದೆ ಟೈರ್ ಕೂರುತ್ತಾ, ಮನೆಯಲ್ಲಿರೋ ಕೈಪಂಪ್ ಸಾಕಾ ಅಂತ. ನನ್ನನ್ನು ಕೇಳಿದರೆ ತಲೆ ಕೆಡಿಸಿಕೊಳ್ಳಬೇಕಾದ್ದು ರಿಮ್ಮಿನ ಒಳಗೆ ಸುತ್ತುವ ಟೇಪಿನ ಬಗ್ಗೆ. ಟೇಪ್ ಸರಿಯಾಗಿ ಕೂತಿದ್ದರೆ ಮಾಮೂಲಿ ಪಂಪಿನಲ್ಲೂ ಹೆಚ್ಚಿನ ಸಲ ಟೈರ್ ಎದ್ದು ಕೂರುತ್ತದೆ. ಟೇಪ್ ಸರಿ ಇಲ್ಲ ಅಂದರೆ ಎಂಥ ಕಂಪ್ರೆಸರ್ ತಂದರೂ ಬೆಳಗಾಗುವಷ್ಟರಲ್ಲಿ ಗಾಳಿ ಇಳಿದಿರುತ್ತದೆ.

ನಾನು ಟ್ಯೂಬ್ ಬಿಟ್ಟಿದ್ದು ಪಂಕ್ಚರ್ ಕಾಟಕ್ಕೆ ಮಾತ್ರ ಅಲ್ಲ. ಕಲ್ಲಿನ ಇಳಿಜಾರಿನಲ್ಲಿ ಟ್ಯೂಬ್ ಇಟ್ಟುಕೊಂಡು ಗಾಳಿ ಕಮ್ಮಿ ಮಾಡುವ ಹಾಗಿಲ್ಲ. ಮಾಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡು ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗಂತ 30-35 ಪಿಎಸ್‌ಐ ಹೊಡೆದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತವೇ ಸಿಗುವುದಿಲ್ಲ. ಟ್ಯೂಬೇ ಇಲ್ಲದಿದ್ದರೆ ಅಲ್ಲಿ ಸಿಕ್ಕಿಕೊಳ್ಳಲು ಏನೂ ಇಲ್ಲ, ಅಲ್ವಾ? ಈಗ ನನ್ನ 2.4 ಇಂಚಿನ ಟೈರಿಗೆ ಮುಂದೆ 22, ಹಿಂದೆ 25 ಪಿಎಸ್‌ಐ ಇಡುತ್ತೇನೆ. ತೂಕ ಜಾಸ್ತಿ ಇರುವವರು ಇನ್ನೂ ಸ್ವಲ್ಪ ಏರಿಸಬೇಕು. ಬೇರಿನ ಮೇಲೆ, ಸಡಿಲ ಕಲ್ಲಿನ ಮೇಲೆ ಟೈರ್ ಬಗ್ಗಿಕೊಂಡು ನೆಲ ಹಿಡಿದು ಹೋಗುತ್ತದೆ, ಆ ಖುಷಿ ಕಂಡ ಮೇಲೆ ಟ್ಯೂಬಿಗೆ ವಾಪಸ್ ಹೋಗುವ ಮನಸ್ಸೇ ಬಂದಿಲ್ಲ.

ಶುರು ಮಾಡುವ ಮುಂಚೆ ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆ ಆಗುವಂಥವಾ ನೋಡಿಕೊಳ್ಳಿ. ಟೈರಿನ ಪಕ್ಕದಲ್ಲಿ ಬರೆದಿರುತ್ತದೆ. ಅಲ್ಲೇ ಅಳತೆಯನ್ನೂ ಓದಿ, ಅಂದರೆ ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ, ಮಿ.ಮೀ. ಲೆಕ್ಕದಲ್ಲಿ: 29 ಇಂಚಿಗೆ 622, 27.5ಕ್ಕೆ 584, 26ಕ್ಕೆ 559. ರಿಮ್ಮಿನ ಒಳಗೆ ಬೆರಳಾಡಿಸಿದರೆ ನಡುವೆ ಒಂದು ಕಾಲುವೆ ಸಿಗುತ್ತದೆ, ಅದರ ಎರಡೂ ಪಕ್ಕ ಸಮತಟ್ಟಾದ ಕಟ್ಟೆ. ತುಂಬಾ ರಿಮ್ಮುಗಳಲ್ಲಿ ಕಟ್ಟೆಗೂ ಕಾಲುವೆಗೂ ನಡುವೆ ಸಣ್ಣ ಏಣು ಕೂಡ ಇರುತ್ತದೆ. ಟೈರಿನ ಅಂಚು, ಅಂದರೆ ಬೀಡ್, ಆ ಕಟ್ಟೆ ಹತ್ತಿ ಕೂತ ಮೇಲೆ ವಾಪಸ್ ಕಾಲುವೆಗೆ ಜಾರದ ಹಾಗೆ ಏಣು ತಡೆಯುತ್ತದೆ. ಹಳೇ ಮಾಮೂಲಿ ರಿಮ್ಮಿಗೇ ಏನೇನೋ ಹೊಂದಿಸಿ ಟ್ಯೂಬ್‌ಲೆಸ್ ಹಾಕುವವರು ಇದ್ದಾರೆ. ನಾನಂತೂ ಹಾಕುವುದಿಲ್ಲ. ತಿರುವಿನಲ್ಲಿ ಬೀಡ್ ಕಳಚಿ ಒಂದೇ ಸಲಕ್ಕೆ ಗಾಳಿ ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಇನ್ನು ಟೇಪ್. ಮಾವಿಕ್ ಕಂಪನಿ 1999ರಲ್ಲಿ ತಂದ ಯುಎಸ್‌ಟಿ ಅನ್ನುವ ಟ್ಯೂಬ್‌ಲೆಸ್ ಚಕ್ರಗಳಲ್ಲಿ ರಿಮ್ಮಿನ ಒಳಮೈಗೆ ಕಡ್ಡಿಯ ತೂತೇ ಇರಲಿಲ್ಲ, ಹಾಗಾಗಿ ಟೇಪೂ ಬೇಕಿರಲಿಲ್ಲ. ಈಗಿನ ಹೆಚ್ಚಿನ ರಿಮ್ಮುಗಳಲ್ಲಿ 28 ಅಥವಾ 32 ತೂತು ಒಳಗಡೆ ಬಾಯಿ ಬಿಟ್ಟುಕೊಂಡಿರುತ್ತವೆ. ಅಷ್ಟನ್ನೂ ಮುಚ್ಚಿ ಗಾಳಿ ಹಿಡಿಯಬೇಕಾದ್ದು ಆ ತೆಳು ಟೇಪ್ ಒಂದೇ. ಅದಕ್ಕೇ ಈ ಕೆಲಸಕ್ಕೆ ನಾನು ಅವಸರ ಮಾಡುವುದಿಲ್ಲ.

ರಿಮ್ಮಿನ ಒಳಗಿನ ಅಗಲ ಅಳೆದು, ಅದಕ್ಕಿಂತ 2ರಿಂದ 4 ಮಿ.ಮೀ. ಹೆಚ್ಚು ಅಗಲದ ಟ್ಯೂಬ್‌ಲೆಸ್ ಟೇಪ್ ತನ್ನಿ. ಒಳಗೆ 30 ಇದ್ದರೆ ಟೇಪ್ 32ರಿಂದ 34. ಕಾಲುವೆಯ ಇಳಿಜಾರಿಗೂ ಟೇಪ್ ಬೇಕಲ್ಲ, ಆ ಹೆಚ್ಚಿನ ಅಗಲ ಅದಕ್ಕೆ ಹೋಗುತ್ತದೆ. ಕಿರಿದಾದರೆ ಬೀಡ್ ಹತ್ತುವಾಗ ಟೇಪಿನ ಅಂಚನ್ನೇ ಎಬ್ಬಿಸಿಬಿಡುತ್ತದೆ, ತೀರಾ ಅಗಲವಾದರೆ ಗೋಡೆ ಹತ್ತಿ ಮಡಚಿಕೊಂಡು ಬೀಡ್ ಕೂರಲು ಬಿಡುವುದಿಲ್ಲ. ಹಳೇ ರಬ್ಬರ್ ಪಟ್ಟಿ, ಹಳೇ ಟೇಪಿನ ಅಂಟು ಎಲ್ಲ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ. ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವ ತನಕ ಒರೆಸುತ್ತೇನೆ. ಪೂರ್ತಿ ಒಣಗಿದ ಮೇಲೇ ಟೇಪ್.

ವಾಲ್ವ್ ತೂತಿಗಿಂತ ಒಂದು ಗೇಣು ಹಿಂದೆ ಶುರು ಮಾಡಿ, ಪೂರ್ತಿ ಸುತ್ತು ಬಂದು, ವಾಲ್ವ್ ತೂತನ್ನು ದಾಟಿ ಇನ್ನೊಂದು ಗೇಣು ಮುಂದೆ ಹೋಗಿ ಕತ್ತರಿಸುತ್ತೇನೆ. ಹೀಗೆ ಮಾಡಿದರೆ ವಾಲ್ವ್ ಜಾಗದಲ್ಲಿ ಎರಡು ಪದರ ಸಿಗುತ್ತದೆ. ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಒಂದು ಕೈಯಲ್ಲಿ ಟೇಪನ್ನು ಗಟ್ಟಿಯಾಗಿ ಎಳೆದುಕೊಂಡೇ ಇರಬೇಕು, ಇನ್ನೊಂದು ಕೈಯ ಹೆಬ್ಬೆರಳು ಹಿಂದಿನಿಂದ ನಡುವಿನ ಕಾಲುವೆಗೆ ಒತ್ತುತ್ತಾ, ಆಮೇಲೆ ಎರಡೂ ಪಕ್ಕಕ್ಕೆ ಸವರುತ್ತಾ ಬರಬೇಕು. ಸುಮ್ನೆ ಅಂಟಿಸಿಕೊಂಡು ಹೋದರೆ ಸಾಲದು, ಎಳೆತ ಬೇಕು. ಸರಿಯಾಗಿ ಎಳೆದಿದ್ದರೆ ಕಡ್ಡಿಯ ತೂತಿನ ಮೇಲೆ ಟೇಪು ತಮಟೆಯ ಚರ್ಮದ ಹಾಗೆ ಬಿಗಿಯಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ಗೊತ್ತಾಗುತ್ತದೆ. ಎಲ್ಲಾದರೂ ಸುಕ್ಕು ಉದ್ದಕ್ಕೆ ಅಂಚಿನ ತನಕ ಹೋಗಿದ್ದರೆ ಆ ಟೇಪ್ ಕಿತ್ತು ಬಿಸಾಕಿ, ಹೊಸದು ಸುತ್ತಿ. ಸಣ್ಣ ಗಾಳಿಗುಳ್ಳೆ ನಡುವೆ ಉಳಿದರೆ ಚಿಂತೆ ಇಲ್ಲ.

ವಾಲ್ವ್ ತೂತಿಗೆ ಬ್ಲೇಡ್ ಬಳಸುವುದಿಲ್ಲ. ಬ್ಲೇಡಿನ ಗೀರು ಆಮೇಲೆ ಹರಿದು ಉದ್ದ ಆಗುತ್ತದೆ. ಒಂದು ಮೊಳೆಯನ್ನು ಕಾಯಿಸಿ, ಟೇಪಿನ ಕಡೆಯಿಂದ ತೂತಿನ ನಡುಮಧ್ಯಕ್ಕೆ ಚುಚ್ಚಿದರೆ ಅಂಚು ಕರಗಿ ದುಂಡಗೆ ನಿಲ್ಲುತ್ತದೆ.

ಇಷ್ಟಾದ ಮೇಲೆ ನೇರವಾಗಿ ಟ್ಯೂಬ್‌ಲೆಸ್‌ಗೆ ಹೋಗಬೇಡಿ. ನಾನು ಮೊದಲು ಒಂದು ಮಾಮೂಲಿ ಟ್ಯೂಬ್ ಹಾಕಿ, ಟೈರ್ ಏರಿಸಿ, 35 ಪಿಎಸ್‌ಐ ಗಾಳಿ ಹೊಡೆದು ಒಂದು ರಾತ್ರಿ ಬಿಡುತ್ತೇನೆ. ಇದರಿಂದ ಎರಡು ಲಾಭ. ಟ್ಯೂಬು ಒಳಗಿನಿಂದ ಒತ್ತಿ ಒತ್ತಿ ಟೇಪನ್ನು ಮೂಲೆಮೂಲೆಗೂ ಅಂಟಿಸುತ್ತದೆ. ಜೊತೆಗೆ ಮಡಚಿ ಪ್ಯಾಕ್ ಮಾಡಿದ್ದ ಹೊಸ ಟೈರು ತನ್ನ ಆಕಾರಕ್ಕೆ ಬರುತ್ತದೆ. ಬೆಳಿಗ್ಗೆ ಒಂದೇ ಪಕ್ಕದ ಬೀಡ್ ಬಿಡಿಸಿ ಟ್ಯೂಬ್ ಎಳೆದುಕೊಳ್ಳಿ, ಇನ್ನೊಂದು ಪಕ್ಕ ಕೂತಿದ್ದು ಕೂತ ಹಾಗೇ ಇರಲಿ. ಆಮೇಲೆ ಕೂರಿಸಬೇಕಾದ್ದು ಒಂದು ಪಕ್ಕ ಮಾತ್ರ. ಮಾಮೂಲಿ ಪಂಪಿನಲ್ಲಿ ಕೆಲಸ ಆಗುವುದು ಹೆಚ್ಚಾಗಿ ಇದರಿಂದಲೇ.

ಟ್ಯೂಬ್‌ಲೆಸ್ ವಾಲ್ವ್ ಹಾಕುವಾಗ ಅದರ ರಬ್ಬರ್ ಬುಡ ಕಾಲುವೆಗೆ ಸರಿಯಾಗಿ ಕೂರಬೇಕು. ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಾಕಿ ಬಿಗಿದರೆ ದಾರಿಯಲ್ಲಿ ಅದನ್ನು ಬಿಚ್ಚಲು ನೀವೇ ಪರದಾಡುತ್ತೀರಿ. ಟೈರನ್ನು ಮತ್ತೆ ಏರಿಸುವಾಗ ವಾಲ್ವಿನ ಎದುರುಬದಿಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ವಾಲ್ವಿನ ಬುಡ ಇರುವ ಕಡೆ ಬೀಡ್ ಕಾಲುವೆಗೆ ಇಳಿಯುವುದಿಲ್ಲ, ಎದುರುಗಡೆ ಇಳಿದರೆ ಅಷ್ಟು ಸಡಿಲ ಸಿಗುತ್ತದೆ. ಲಿವರ್ ಬೇಕೇ ಬೇಕು ಅನ್ನಿಸಿದರೆ ಪ್ಲಾಸ್ಟಿಕ್‌ನದು, ಅದೂ ತುದಿಯನ್ನು ಒಳಗೆ ಆಳಕ್ಕೆ ತಳ್ಳದೆ. ಕಬ್ಬಿಣದ್ದು ಟೇಪ್ ಹರಿಯುತ್ತದೆ.

ಈಗ ಗಾಳಿ. ವಾಲ್ವ್ ಕೋರ್, ಅಂದರೆ ವಾಲ್ವಿನ ಒಳಗೆ ಗಾಳಿ ತಡೆಯುವ ಸಣ್ಣ ಭಾಗವನ್ನು ತಿರುಗಿಸಿ ಬಿಚ್ಚಿಡಿ, ಆಗ ಗಾಳಿ ಒಂದೇ ಸಲಕ್ಕೆ ಜಾಸ್ತಿ ಒಳಗೆ ಹೋಗುತ್ತದೆ. ಬೀಡಿನ ಸುತ್ತ ಸೋಪಿನ ನೀರು ಹಚ್ಚಿ, ಸೀಲಂಟ್ (ಒಳಗೆ ಹಾಕುವ, ತೂತು ಮುಚ್ಚುವ ದ್ರವ) ಈಗಲೇ ಹಾಕದೆ, ಬಿಡದೆ ಜೋರಾಗಿ ಪಂಪ್ ಹೊಡೆಯಿರಿ. ಮೊದಲು ಬುಸ್ ಅಂತ ಗಾಳಿ ಹೊರಗೇ ಹೋಗುತ್ತಿರುತ್ತದೆ, ಆಮೇಲೆ ಟೈರ್ ಉಬ್ಬುತ್ತದೆ, ಆಮೇಲೆ ಟಪ್, ಟಪ್ ಅಂತ ಬೀಡ್ ಒಂದೊಂದೇ ಕಡೆ ಕಟ್ಟೆ ಹತ್ತುವ ಸದ್ದು. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಇದೇ. ಟೈರಿನ ಮೇಲೆ ರಿಮ್ಮಿಗೆ ಹತ್ತಿರ ಒಂದು ತೆಳು ಗೆರೆ ಇರುತ್ತದೆ, ಚಕ್ರ ತಿರುಗಿಸಿ ನೋಡಿ, ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿ ಕಾಣಬೇಕು. ಎಲ್ಲಾದರೂ ಒಳಗೆ ಅಡಗಿದ್ದರೆ ಅಲ್ಲಿ ಇನ್ನೂ ಕೂತಿಲ್ಲ, ಗಾಳಿ ಬಿಟ್ಟು ಸೋಪಿನ ನೀರು ಹಚ್ಚಿ ಮತ್ತೆ ಹೊಡೆಯಿರಿ. ಟೈರಿನ ಮೇಲೂ ರಿಮ್ಮಿನ ಮೇಲೂ ಬರೆದಿರುವ ಗರಿಷ್ಠ ಒತ್ತಡದಲ್ಲಿ ಯಾವುದು ಕಮ್ಮಿಯೋ ಅದನ್ನು ಮಾತ್ರ ಯಾವ ಕಾರಣಕ್ಕೂ ದಾಟಬೇಡಿ.

ಏನು ಮಾಡಿದರೂ ಟೈರ್ ಉಬ್ಬುತ್ತಿಲ್ಲವಾ? ಬೀಡನ್ನು ಕೈಯಿಂದ ರಿಮ್ಮಿನ ಗೋಡೆ ಕಡೆಗೆ ಎಳೆದು ಸಂದಿ ಕಮ್ಮಿ ಮಾಡಿ, ವಾಲ್ವಿನ ಬುಡದ ಮೇಲೆ ಬೀಡ್ ಕೂತಿಲ್ಲ ತಾನೇ ಅಂತ ನೋಡಿ. ಆದರೂ ಆಗದಿದ್ದರೆ ಗಾಳಿ ತುಂಬಿಟ್ಟುಕೊಂಡು ಒಮ್ಮೆಲೇ ಬಿಡುವ ಟ್ಯಾಂಕ್ ಇರುವ ಪಂಪ್ ಬೇಕಾಗುತ್ತದೆ.

ಬೀಡ್ ಕೂತ ಮೇಲೆ ಗಾಳಿ ಬಿಟ್ಟರೂ ಅದು ಸಾಮಾನ್ಯವಾಗಿ ಜಾಗ ಬಿಡುವುದಿಲ್ಲ. ಸೀಲಂಟ್ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಯಾಕೆಂದರೆ ತೂತು ಮುಚ್ಚುವ ಸಣ್ಣ ಕಣಗಳು ತಳದಲ್ಲಿ ಕೂತಿರುತ್ತವೆ. 29 ಇಂಚಿನ ಅಗಲ ಟೈರಿಗೆ 100ರಿಂದ 120 ಎಂಎಲ್ ಸಾಕು, ಸಿರಿಂಜಿನಲ್ಲಿ ವಾಲ್ವ್ ಮೂಲಕ ಹಾಕಿ, ಕೋರ್ ತಿರುಗಿಸಿ, ಗಾಳಿ ಹೊಡೆಯಿರಿ. ಆಮೇಲೆ ಚಕ್ರವನ್ನು ಎಲ್ಲ ಕಡೆ ಓಲಾಡಿಸಿ. ಸೋರುತ್ತಿದ್ದ ಕಡೆ ಬಿಳಿ ಗುಳ್ಳೆ ಬಂದು, ಸಣ್ಣದಾಗಿ, ಕೊನೆಗೆ ನಿಂತುಹೋಗುವುದು ಕಣ್ಣಿಗೇ ಕಾಣುತ್ತದೆ. ಒಂದು ಬಕೆಟ್ಟಿನ ಬಾಯಿಯ ಮೇಲೆ ಚಕ್ರವನ್ನು ಮಲಗಿಸಿ, ಸ್ವಲ್ಪ ಹೊತ್ತಿಗೆ ಮಗುಚಿ ಇಡುತ್ತೇನೆ. ಅದಾದ ತಕ್ಷಣ ಒಂದು ಸುತ್ತು ಓಡಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು.

ಮಾರನೇ ದಿನ ಗಾಳಿ ಇಳಿದಿದ್ದರೆ ಸೋಪಿನ ನೀರು ಹಾಕಿ ಎಲ್ಲಿಂದ ಅಂತ ಹುಡುಕಿ. ಟೈರಿನ ಪಕ್ಕ ಬೆವರಿದ ಹಾಗಿದ್ದರೆ ಭಯ ಬೇಡ, ಓಡಿಸುತ್ತಾ ನಿಲ್ಲುತ್ತದೆ. ವಾಲ್ವ್ ಬುಡದಲ್ಲಿ ಗುಳ್ಳೆ ಬಂದರೆ ನಟ್ಟು ಇನ್ನಷ್ಟು ಬಿಗಿ ಮಾಡಿ. ಕಡ್ಡಿಯ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ಹತ್ತಿರ ಒದ್ದೆ ಕಂಡರೆ ಮಾತ್ರ ಟೇಪ್ ಹೋಗಿದೆ ಅಂತಲೇ ಅರ್ಥ. ಟೇಪಿನ ಕೆಳಗೆ ಹೋದ ಗಾಳಿ ರಿಮ್ಮಿನ ಒಳಗೆಲ್ಲ ಓಡಾಡಿ ಎಲ್ಲಿ ಬೇಕಾದರೂ ಹೊರಗೆ ಬರಬಹುದು, ಆ ನಿಪ್ಪಲ್ಲಿನ ನೇರಕ್ಕೇ ತೂತಿದೆ ಅಂದುಕೊಳ್ಳಬೇಡಿ. ಸೀಲಂಟ್ ಜಾಸ್ತಿ ಸುರಿದು ಅದನ್ನು ಮುಚ್ಚಲು ಹೋಗುವುದು ದಂಡ. ಬಿಚ್ಚಿ, ಒರೆಸಿ, ಹೊಸ ಟೇಪ್ ಸುತ್ತಿ.

ಸೀಲಂಟ್ ಒಣಗುತ್ತದೆ, ಬಿಸಿಲಿನ ಕಾಲದಲ್ಲಿ ಬೇಗ. ಎರಡು ಮೂರು ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ, ಒಳಗೆ ದ್ರವ ಓಡಾಡುವ ಸದ್ದು ಇಲ್ಲದಿದ್ದರೆ ಮತ್ತೆ ಹಾಕುತ್ತೇನೆ. ಗಾಳಿ ಹೊಡೆಯುವಾಗ ವಾಲ್ವ್ ಮೇಲ್ಗಡೆ ಇರಲಿ, ಕೆಳಗಿದ್ದರೆ ಸೀಲಂಟ್ ಕೋರಿಗೆ ನುಗ್ಗಿ ಕಟ್ಟಿಕೊಳ್ಳುತ್ತದೆ.

ಟ್ಯೂಬ್‌ಲೆಸ್ ಆಯಿತು ಅಂತ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ. ಚಿಕ್ಕ ತೂತನ್ನು ಸೀಲಂಟ್ ಮುಚ್ಚುತ್ತದೆ, ಸ್ವಲ್ಪ ದೊಡ್ಡದಕ್ಕೆ ರಬ್ಬರ್ ಪ್ಲಗ್ ತೂರಿಸಿದರೆ ಆಗುತ್ತದೆ, ಪಕ್ಕದ ಗೋಡೆ ಸೀಳಿದರೆ ಮಾತ್ರ ಒಳಗಿನಿಂದ ಒಂದು ತೇಪೆ ಇಟ್ಟು ಟ್ಯೂಬೇ ಹಾಕಬೇಕು. ಹಾಕುವ ಮುಂಚೆ ಟೈರಿನ ಒಳಮೈಯನ್ನು ನಿಧಾನವಾಗಿ ಸವರಿ ನೋಡಿ. ಅಷ್ಟು ದಿನ ನಿಮಗೆ ಗೊತ್ತೇ ಆಗದ ಹಾಗೆ ಸೀಲಂಟ್ ಸುಧಾರಿಸಿಕೊಂಡು ಬಂದ ಮುಳ್ಳುಗಳ ಮೊನೆ ಅಲ್ಲಿ ಇಣುಕುತ್ತಿರುತ್ತವೆ. ಒಂದೊಂದನ್ನೂ ಕೀಳದೆ ಟ್ಯೂಬ್ ತುರುಕಿದರೆ ಅದು ಅಲ್ಲೇ ಪಂಕ್ಚರ್.