ಪಾರ್ಲರ್ ಹೆಸರಿಗೆ ಟ್ರೇಡ್‌ಮಾರ್ಕ್: ಬಿಡಿ ಬಿಡಿಯಾಗಿ ಹಾಕಿ ಗೆದ್ದದ್ದು

ಮಂಗಳೂರು ಬಿಜೈಯ ನಮ್ಮ ಬ್ಯೂಟಿ ಪಾರ್ಲರ್ ಹೆಸರು 44ನೇ ಕ್ಲಾಸಿನಲ್ಲಿ ರಿಜಿಸ್ಟರ್ ಆಯಿತು. ಕ್ಲಾಸ್ ಅಂದರೆ ಟ್ರೇಡ್‌ಮಾರ್ಕಿನಲ್ಲಿ ಸಾಮಾನು, ಸೇವೆಗಳನ್ನು ವಿಂಗಡಿಸಿದ ನಂಬರು; ಪಾರ್ಲರ್ ಕೆಲಸಕ್ಕೆ 44. ಅರ್ಜಿ ಹಾಕಿ ಹೆಚ್ಚು ಕಡಿಮೆ ಒಂದೂವರೆ ವರ್ಷ. "ಎಲ್ಲ ಕ್ಲಾಸ್ ಒಂದೇ ಅರ್ಜಿಯಲ್ಲಿ ಹಾಕು ಮಾರಾಯ್ತಿ, ಬೇರೆ ಬೇರೆ ಎಂತಕ್ಕೆ?" ಅಂತ ಉಡುಪಿಯ ಗೆಳತಿ ಹೇಳಿದ್ದಳು. ಹಾಗೇ ಹಾಕಿದ ಅವಳದು 3ನೇ ಕ್ಲಾಸಿನ, ಅಂದರೆ ಎಣ್ಣೆ, ಕ್ರೀಮಿನಂಥ ಸಾಮಾನಿನ, ಆಕ್ಷೇಪಣೆಯಿಂದಾಗಿ ಇಡೀ ಅರ್ಜಿಯೇ ನಿಂತಿದೆ. ಪಾರ್ಲರ್ ಕೆಲಸಕ್ಕೆ ಯಾರ ತಕರಾರೂ ಇಲ್ಲ, ಆದರೂ 44 ಸಿಕ್ಕಿಲ್ಲ. ಅರ್ಜಿ ಒಡೆಯಬಹುದು, ಆದರೆ ಅದಕ್ಕೆ ಮತ್ತೊಂದು ಫಾರ್ಮ್, ಮತ್ತೆ ಫೀಸು. ಒಟ್ಟಿಗೆ ಹಾಕಿದರೆ ಫೀಸಿನಲ್ಲಿ ಒಂದು ರೂಪಾಯಿ ಉಳಿಯುವುದೂ ಇಲ್ಲ.

ಮೊದಲು ಕೇಳಿದ ಏಜೆಂಟರು 3, 8, 35, 41, 44 ಎಲ್ಲ ಬೇಕು ಅಂದರು. ಅವರ ಚಾರ್ಜೂ ಸೇರಿ ಅರುವತ್ತು ಸಾವಿರದ ಆಸುಪಾಸು! ನಾನೂ ಅತ್ತಿಗೆಯೂ ಪಾರ್ಟ್‌ನರ್‌ಶಿಪ್‌ನಲ್ಲಿ ಇರುವುದರಿಂದ ಕ್ಲಾಸಿಗೆ 9,000 ಲೆಕ್ಕ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಆನ್‌ಲೈನಿನಲ್ಲಿ 4,500 ಸಾಕು ಅಂತ ಅವರು ಬಾಯಿ ಬಿಡಲಿಲ್ಲ. ಉದ್ಯಮ್ ಮಾಡಿಸಲಿಕ್ಕೆ ದುಡ್ಡೇ ಬೇಡ. ಅವರಿಗೆ ಕೊಟ್ಟ ಅಡ್ವಾನ್ಸ್ ಹೋಯಿತು, ವಾಪಸ್ ಬರಲಿಲ್ಲ.

ಕತ್ತರಿ, ರೇಜರ್ ನಾವು ಬಳಸುತ್ತೇವೆ, ಮಾರುವುದಿಲ್ಲ. ಹಾಗಾಗಿ 8 ಬಿಟ್ಟೆ. ಬೇರೆ ಕಂಪನಿಯ ಶಾಂಪೂ ಮಾರುವ ಅಂಗಡಿ, ಫ್ರಾಂಚೈಸಿ ಇದ್ದರೆ 35. ನಮಗಿಲ್ಲ. ಹೇರ್‌ಕಟ್, ಫೇಶಿಯಲ್, ಮಸಾಜ್, ಮದುಮಗಳ ಮೇಕಪ್ ಎಲ್ಲ 44ರಲ್ಲೇ ಬರುತ್ತದೆ. ಬ್ಯೂಟಿಶಿಯನ್ ಕೋರ್ಸಿಗೆ 41, ನಮ್ಮ ಕೂದಲಿನ ಎಣ್ಣೆಗೆ 3. ಈ ಮೂರಕ್ಕೆ ಮೂರು ಅರ್ಜಿ ಹಾಕಿದೆ.

ಸೀರೆ, ಲೆಹೆಂಗಾ ಬಾಡಿಗೆಗೆ ಕೊಡುವವರು 45 ನೋಡಿ. ನಾನು ಒಂದು ಸೀಸನ್ ಬಾಡಿಗೆ ಮಾಡಿ ನೋಡಿದೆ. ಬಂದ ದುಡ್ಡೆಲ್ಲ ಡ್ರೈಕ್ಲೀನಿಂಗಿಗೇ ಹೋಯಿತು, ಬಿಟ್ಟುಬಿಟ್ಟೆ.

ಹೆಸರನ್ನು ಮೊದಲಿಂದಲೂ ಬಳಸುತ್ತಿದ್ದೇವೆ ಅಂತ ತೋರಿಸಲಿಕ್ಕೆ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು 2016ರ ಬುಕಿಂಗ್ ಪುಸ್ತಕ. ಪ್ರತಿ ಪುಟದ ತಲೆಗೆ ಪಾರ್ಲರ್ ಹೆಸರಿನ ನೇರಳೆ ಶಾಯಿಯ ಸೀಲು, ಪಕ್ಕದಲ್ಲಿ ತಾರೀಕು, ಅಡ್ವಾನ್ಸ್ 500. ಗಿರಾಕಿಗಳ ನಂಬರಿನ ಮೇಲೆ ಕಾಗದ ಇಟ್ಟು ಜೆರಾಕ್ಸ್ ಮಾಡಿಸಿ ಅಫಿಡವಿಟ್ ಜೊತೆ ಕೊಟ್ಟೆ. ಅಷ್ಟು ಹಳೆಯ ಬಳಕೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? 44ರ ಅರ್ಜಿಯಲ್ಲಿ ನಮ್ಮ ಸೇವೆಗಳ ವಿವರಣೆಯ ಸಾಲುಗಳನ್ನು ಹೇಗೆ ಬರೆದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ತುಂಬಾ ರಾತ್ರಿ ನಿದ್ದೆಗೆಟ್ಟಿದ್ದೇನೆ.

44 ಟ್ರೇಡ್‌ಮಾರ್ಕ್ ಆಫೀಸಿನ ಜರ್ನಲ್‌ನಲ್ಲಿ ಬಂದು, ವಿರೋಧಿಸಲಿಕ್ಕೆ ಇರುವ ನಾಲ್ಕು ತಿಂಗಳು ಕಳೆದರೂ ಯಾರೂ ವಿರೋಧಿಸಲಿಲ್ಲ. 41 ಈಗ ಜರ್ನಲ್‌ನಲ್ಲಿದೆ. 3 ಮಾತ್ರ ಸಂತೆ ಇದ್ದ ಹಾಗೆ: ಸೋಪು, ಪೌಡರ್, ಕ್ರೀಮು, ಅಗರಬತ್ತಿ ಎಲ್ಲ ಅಲ್ಲೇ. ಸೆಕ್ಷನ್ 11ರಲ್ಲಿ, ಅಂದರೆ ಅದೇ ಥರದ ಹೆಸರು ಮೊದಲೇ ಇದೆ ಅಂತ, ಆಕ್ಷೇಪಣೆ ಬಂತು. ಒಂದು ತಿಂಗಳೊಳಗೆ ಉತ್ತರ ಕೊಡಬೇಕಿತ್ತು, ವಕೀಲರಿಗೆ ಎಂಟು ಸಾವಿರ ಹೋಗಿರಬೇಕು. ಹಿಯರಿಂಗ್ ಬಾಕಿ ಇದೆ, ವಿಡಿಯೋದಲ್ಲೇ ನಡೆಯುತ್ತದೆ. ಎದುರಿನ ಹೆಸರಿನವರದ್ದು ಅಗರಬತ್ತಿ, ನಮ್ಮದು ಲೈಸೆನ್ಸ್ ಇದ್ದವರ ಹತ್ತಿರ ಮಾಡಿಸುವ ತಲೆಯ ಎಣ್ಣೆ. ಅದನ್ನೇ ಹಿಡಿದು ವಾದಿಸುತ್ತೇವೆ. ಅಲ್ಲಿಯವರೆಗೆ ಎಣ್ಣೆ ಬಾಟಲಿ ಮೇಲೆ ಟಿಎಂ (™) ಮಾತ್ರ ಹಾಕುವುದು, ರಿಜಿಸ್ಟರ್ ಆದದ್ದಕ್ಕೆ ಹಾಕುವ ® ಅಲ್ಲ.